ಜೀವಕೋಶದ ಉಸಿರನ್ನು ಅಳೆದವನು: ಓಟೋ ವಾರ್ಬರ್ಗ್

ಈ ವರ್ಷದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನಚರಿತ್ರೆಯನ್ನು ಬರೆಯುತ್ತೇನೆಂದು ನಾನು ಹೇಳಿದಾಗ ಸಹಪಾಠಿಗಳು ನಕ್ಕರು. ನಕ್ಕದ್ದು ಸಹಜವೇ. ನಾನು ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿ; ಹೈಸ್ಕೂಲು ಬಿಟ್ಟಂದಿನಿಂದ ಪ್ರಯೋಗಶಾಲೆಯ ಹೊಸ್ತಿಲನ್ನು ತುಳಿದವನಲ್ಲ. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಈ ಮನುಷ್ಯನನ್ನು ಕರೆತಂದು ನನ್ನ ಎದುರಿಗೆ ನಿಲ್ಲಿಸಿತು. ಆತನು ಯಾರು, ಏನನ್ನು ಕಂಡನು, ಏನನ್ನು ಕಾಣಲಿಲ್ಲ ಎಂಬುದನ್ನು ತಿಳಿಯುವವರೆಗೆ ನನಗೆ ಸಮಾಧಾನವಾಗಲಿಲ್ಲ.

ನನ್ನ ಸೋದರಮಾವನವರಿಗೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯೆಂದು ತಿಳಿದುಬಂದಿತು. ಶಸ್ತ್ರಚಿಕಿತ್ಸೆಗೆ ದಿನವೂ ಗೊತ್ತಾಯಿತು. ಅಷ್ಟರಲ್ಲಿ ನೆಂಟರೊಬ್ಬರು ಅವರ ಮೊಬೈಲಿಗೆ ಒಂದು ಸಂದೇಶವನ್ನು ಕಳುಹಿಸಿದರು. ಕ್ಯಾನ್ಸರಿನ ಕಾರಣವನ್ನು ಕಂಡುಹಿಡಿದುದಕ್ಕಾಗಿ ಓಟೋ ವಾರ್ಬರ್ಗ್ ಎಂಬುವನಿಗೆ 1931ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕ್ಯಾನ್ಸರ್ ಬದುಕುವುದು ಸಕ್ಕರೆಯಿಂದ. ಸಕ್ಕರೆ, ಅನ್ನ, ಹಣ್ಣುಗಳನ್ನು ಬಿಟ್ಟರೆ ಅದು ಹಸಿದು ಸಾಯುತ್ತದೆ. ಕತ್ತಿ ಹಾಕಿಸಿಕೊಳ್ಳುವ ಅಗತ್ಯವೇ ಇಲ್ಲ. ಇದು ಅದರ ಸಾರಾಂಶ. ಮಾವನವರು ನಿವೃತ್ತ ಶಾಲಾ ಉಪಾಧ್ಯಾಯರು. ಅಕ್ಷರದಲ್ಲಿ ಬರೆದ ಮಾತಿಗೆ, ಅದರಲ್ಲಿಯೂ ನೊಬೆಲ್ ಎಂಬ ಹೆಸರಿಗೆ, ತಲೆಬಾಗುವವರು. ಅವರು ಅನ್ನವನ್ನೂ ಮುದ್ದೆಯನ್ನೂ ಬಿಟ್ಟರು. ಶಸ್ತ್ರಚಿಕಿತ್ಸೆಯನ್ನು ಒಂದು ತಿಂಗಳು ಮುಂದೂಡಿದರು. ಆ ತಿಂಗಳಲ್ಲಿ ಅವರ ತೂಕ ಏಳು ಕಿಲೋ ಇಳಿಯಿತು. ಮುಂದಿನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ಸಂದೇಶದಲ್ಲಿ ಯಾರ ಹೆಸರನ್ನು ಬಳಸಿಕೊಂಡಿದ್ದರೋ ಆತನ ಕಥೆ.

ಓಟೋ ಹೈನ್ರಿಕ್ ವಾರ್ಬರ್ಗನು 1883ನೆಯ ಇಸವಿ ಅಕ್ಟೋಬರ್ 8ನೆಯ ತಾರೀಖು ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಎಮಿಲ್ ವಾರ್ಬರ್ಗನು ಹೆಸರಾಂತ ಭೌತವಿಜ್ಞಾನಿ. ಆತನು ಯೆಹೂದಿ ಮನೆತನದಲ್ಲಿ ಹುಟ್ಟಿ ಪ್ರಾಟೆಸ್ಟೆಂಟ್ ಮತವನ್ನು ಸೇರಿದವನು. ತಾಯಿ ಪ್ರಾಟೆಸ್ಟೆಂಟ್ ಮನೆತನದವಳು. ಈ ಒಂದು ಸಂಗತಿ ಮುಂದೆ ಮಗನ ತಲೆಯ ಮೇಲೆ ಕತ್ತಿಯಾಗಿ ತೂಗಿತು. 1895ರಲ್ಲಿ ತಂದೆಗೆ ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ಹೀಗೆ ಬಾಲಕ ಓಟೋ ಬೆಳೆದುದು ಅಂದಿನ ವಿಜ್ಞಾನದ ರಾಜಧಾನಿಯಲ್ಲಿ. ಐನ್‌ಸ್ಟೈನನು ಅವನ ತಂದೆಯ ಮಿತ್ರರಲ್ಲಿ ಒಬ್ಬನಾಗಿದ್ದನು. ಅಳತೆಯಿಲ್ಲದ ಮಾತು ಮಾತಲ್ಲ ಎಂಬ ಶಿಸ್ತು ಅವನಿಗೆ ಮನೆಯಲ್ಲಿಯೇ ದೊರೆಯಿತೆಂದರೆ ತಪ್ಪಾಗಲಾರದು.

ಓಟೋ ರಸಾಯನಶಾಸ್ತ್ರವನ್ನು ಎಮಿಲ್ ಫಿಷರನಂತಹ ಮಹಾಗುರುವಿನ ಕೈಕೆಳಗೆ ಕಲಿತು 1906ರಲ್ಲಿ ಡಾಕ್ಟರೇಟ್ ಪಡೆದನು. ಅಷ್ಟಕ್ಕೇ ತೃಪ್ತನಾಗದೆ ಹೈಡೆಲ್‌ಬರ್ಗಿಗೆ ಹೋಗಿ ವೈದ್ಯವನ್ನೂ ಓದಿ 1911ರಲ್ಲಿ ವೈದ್ಯಪದವಿಯನ್ನು ಪಡೆದನು. ಭೌತವಿಜ್ಞಾನಿಯ ಮಗ, ರಸಾಯನಶಾಸ್ತ್ರಜ್ಞನ ಶಿಷ್ಯ, ಓದಿನಿಂದ ವೈದ್ಯ. ಈ ಮೂರೂ ಒಬ್ಬನಲ್ಲಿಯೇ ಕೂಡಿದುದರಿಂದ ಆತನಿಗೆ ಇತರರಿಗೆ ಹೊಳೆಯದ ಪ್ರಶ್ನೆಯೊಂದು ಹೊಳೆಯಿತು.

ಆ ಪ್ರಶ್ನೆ ಉಸಿರಿನದು. ನಾವು ಉಸಿರಾಟವೆಂದಾಗ ಮೂಗನ್ನೂ ಎದೆಯನ್ನೂ ನೆನೆಯುತ್ತೇವೆ. ಅದು ಕೇವಲ ಗಾಳಿಯ ಸಾಗಾಣಿಕೆ. ನಿಜವಾದ ಉಸಿರಾಟ ನಡೆಯುವುದು ದೇಹದ ಒಂದೊಂದು ಜೀವಕೋಶದ ಒಳಗೆ. ಅಲ್ಲಿ ನಾವು ಉಂಡ ಅನ್ನದ ಅಂಶವೂ ಆಮ್ಲಜನಕವೂ ಕೂಡಿ, ಬೆಂಕಿಯಿಲ್ಲದೆ ಉರಿದು, ನೀರೂ ಇಂಗಾಲಾಮ್ಲ ವಾಯುವೂ ಆಗುತ್ತವೆ. ಬಿಡುಗಡೆಯಾದ ಶಕ್ತಿಯಿಂದ ನಾವು ನಡೆಯುತ್ತೇವೆ, ಯೋಚಿಸುತ್ತೇವೆ, ಬೆಚ್ಚಗಿರುತ್ತೇವೆ. ಉಸಿರಾಟವು ಒಂದು ಬಗೆಯ ನಿಧಾನವಾದ ಉರಿಯುವಿಕೆಯೆಂದು ಫ್ರಾನ್ಸಿನ ಲವಾಸಿಯೆಯು 18ನೆಯ ಶತಮಾನದಲ್ಲಿಯೇ ತೋರಿಸಿದ್ದನು. ಆದರೆ ಒಂದು ಒಗಟು ಉಳಿದಿತ್ತು. ಸಕ್ಕರೆಯ ಡಬ್ಬಿಯನ್ನು ಗಾಳಿಯಲ್ಲಿ ಎಷ್ಟು ದಿನ ತೆರೆದಿಟ್ಟರೂ ಅದು ತಾನಾಗಿ ಉರಿಯುವುದಿಲ್ಲ. ಅದೇ ಸಕ್ಕರೆ ನಮ್ಮ ಮೈಯೊಳಗೆ, ಜ್ವರದ ಶಾಖವೂ ಇಲ್ಲದೆ, ಉರಿದುಹೋಗುತ್ತದೆ. ಕಡ್ಡಿ ಗೀರುವವರು ಯಾರು?

ವಾರ್ಬರ್ಗನು ಇದಕ್ಕೆ ಉತ್ತರ ಹುಡುಕಲು ಇಟಲಿಯ ನೇಪಲ್ಸ್ ನಗರದ ಸಮುದ್ರತೀರಕ್ಕೆ ಹೋದನು. ಅಲ್ಲಿಯ ಪ್ರಾಣಿಶಾಸ್ತ್ರ ಕೇಂದ್ರದಲ್ಲಿ ಕಡಲಿನ ಮುಳ್ಳುಚೆಂಡು ಪ್ರಾಣಿಯ ಮೊಟ್ಟೆಗಳು ಹೇರಳವಾಗಿ ದೊರೆಯುತ್ತಿದ್ದವು. ನಿದ್ರಿಸುತ್ತಿದ್ದಂತಿರುವ ಆ ಮೊಟ್ಟೆ ಗರ್ಭಧರಿಸಿದೊಡನೆ ಒಡೆದು ಎರಡಾಗಿ, ನಾಲ್ಕಾಗಿ ಬೆಳೆಯತೊಡಗುತ್ತದೆ. ಆಗ ಅದರ ಉಸಿರು ಏನಾಗುತ್ತದೆ? 1908ರಲ್ಲಿ ಆತನು ಅಳೆದು ನೋಡಿದನು. ಆಮ್ಲಜನಕದ ಬಳಕೆ ಆರು ಪಟ್ಟಿನಷ್ಟು ಏರಿತ್ತು. ಬೆಳೆವಣಿಗೆಗೂ ಉಸಿರಿಗೂ ನಂಟಿದೆಯೆಂಬ ಭಾವನೆ ಇಪ್ಪತ್ತೈದು ವರ್ಷದ ತರುಣನ ಮನಸ್ಸಿನಲ್ಲಿ ಬೇರೂರಿತು.

1913ರಲ್ಲಿ ಆತನು ಇನ್ನೊಂದು ಕೌತುಕವನ್ನು ಕಂಡನು. ಗಿನಿಯಿಲಿಯ ಪಿತ್ತಜನಕಾಂಗವನ್ನು ಅರೆದು ಸೋಸಿದ ರಸದಲ್ಲಿ ಉಸಿರಾಟ ಕರಗಿದ ದ್ರವಕ್ಕೆ ಸೇರಿರಲಿಲ್ಲ. ಅದರಲ್ಲಿ ತೇಲುತ್ತಿದ್ದ ಸಣ್ಣ ಸಣ್ಣ ಕಣಗಳಿಗೆ ಅಂಟಿಕೊಂಡಿತ್ತು. ಆ ಕಣಗಳಿಗೆ ಜೀವಶಾಸ್ತ್ರಜ್ಞರು ಅದಾಗಲೇ ಒಂದು ಹೆಸರಿಟ್ಟಿದ್ದರು. ದಾರ ಮತ್ತು ಕಾಳು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ 1898ರಲ್ಲಿ ಕಾರ್ಲ್ ಬೆಂಡಾ ಎಂಬಾತನು ಮೈಟೊಕಾಂಡ್ರಿಯ ಎಂದು ಕರೆದಿದ್ದನು. ಆದರೆ ಅವು ಏತಕ್ಕಾಗಿ ಇವೆಯೆಂಬುದು ಆಗ ಯಾರಿಗೂ ತಿಳಿಯದು. ಇವೇ ಜೀವಕೋಶದ ಒಲೆಗಳೆಂಬುದು ಯೂಜೀನ್ ಕೆನೆಡಿ, ಆಲ್ಬರ್ಟ್ ಲೆನಿಂಜರ್ ಎಂಬ ಅಮೆರಿಕದ ವಿಜ್ಞಾನಿಗಳ ಕೆಲಸದಿಂದ ದೃಢಪಟ್ಟುದು 1948-49ರಲ್ಲಿ. ವಾರ್ಬರ್ಗನು ಮೂವತ್ತೈದು ವರ್ಷ ಮೊದಲೇ ಆ ಒಲೆಯ ಬಿಸಿಯನ್ನು ಕೈಯಿಂದ ಮುಟ್ಟಿ ನೋಡಿದ್ದನು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ವಾರ್ಬರ್ಗನು ಪ್ರಯೋಗಶಾಲೆಯನ್ನು ಬಿಟ್ಟು ಅಶ್ವದಳವನ್ನು ಸೇರಿದನು; ಗಾಯಗೊಂಡನು; ಶೌರ್ಯಕ್ಕಾಗಿ ಕಬ್ಬಿಣದ ಶಿಲುಬೆಯ ಪದಕವನ್ನು ಪಡೆದನು. 1918ರಲ್ಲಿ ಐನ್‌ಸ್ಟೈನನು, ಇಂತಹ ಬುದ್ಧಿಯನ್ನು ಗುಂಡಿನ ಬಾಯಿಗೆ ಒಡ್ಡುವುದು ಸಲ್ಲದೆಂದು ತಿಳಿಸಿ, ವಿಜ್ಞಾನಕ್ಕೆ ಮರಳಬೇಕೆಂದು ಪತ್ರ ಬರೆದನು. ವಾರ್ಬರ್ಗನು ಮರಳಿದನು. ಕುದುರೆ ಸವಾರಿಯ ಅಭ್ಯಾಸ ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಮದುವೆಯಾಗಲಿಲ್ಲ, ಯಾಕೋಬ್ ಹೈಸ್ ಎಂಬ ಸಂಗಾತಿ ಜೀವನದುದ್ದಕ್ಕೂ ಜೊತೆಗಿದ್ದು ಆತನ ಮನೆಯನ್ನು ನೋಡಿಕೊಂಡನು.

ಬರ್ಲಿನ್ ನಗರದ ಡಾಲೆಮ್ ಬಡಾವಣೆಯ ಕೈಸರ್ ವಿಲ್ಹೆಲ್ಮ್ ಸಂಸ್ಥೆಯಲ್ಲಿ ಕುಳಿತು ಆತನು ಮೊದಲು ಮಾಡಿದ ಕೆಲಸ ಒಂದು ಅಳತೆಯ ಉಪಕರಣವನ್ನು ಹದಗೊಳಿಸಿದುದು. ವಾರ್ಬರ್ಗ್ ಮಾನಾಮೀಟರ್ ಎಂದು ಇಂದಿಗೂ ಹೆಸರಾಗಿರುವ ಆ ಉಪಕರಣವನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ. ನನ್ನಂಥವನಿಗೂ ಅದರ ಮರ್ಮ ಅರ್ಥವಾಗುತ್ತದೆ. ನಿಂಬೆಹಣ್ಣಿನ ಗಾತ್ರದ ಒಂದು ಗಾಜಿನ ಕುಪ್ಪಿ. ಅದರಲ್ಲಿ ಲವಣದ ನೀರು. ನೀರಿನಲ್ಲಿ ಅರ್ಧ ಮಿಲಿಮೀಟರಿಗಿಂತ ತೆಳ್ಳಗೆ ಕ್ಷೌರದ ಕತ್ತಿಯಿಂದ ಹೆರೆದ ಅಂಗಾಂಶದ ಬಿಲ್ಲೆ. ತೆಳ್ಳಗಿರಬೇಕು, ಏಕೆಂದರೆ ದಪ್ಪನಾದರೆ ಒಳಗಿನ ಕೋಶಗಳಿಗೆ ಆಮ್ಲಜನಕ ತಲುಪದೆ ಅವು ಉಸಿರುಗಟ್ಟುತ್ತವೆ, ಅಳತೆ ಸುಳ್ಳಾಗುತ್ತದೆ. ಕುಪ್ಪಿಯ ನಡುವಿನ ಪುಟ್ಟ ಬಾವಿಯಲ್ಲಿ ಕ್ಷಾರವಿರುತ್ತದೆ. ಕೋಶಗಳು ಹೊರಬಿಟ್ಟ ಇಂಗಾಲಾಮ್ಲವನ್ನು ಅದು ಹೀರಿಕೊಳ್ಳುತ್ತದೆ. ಕುಪ್ಪಿಯನ್ನು ಮೈಶಾಖದ ನೀರಿನ ತೊಟ್ಟಿಯಲ್ಲಿಟ್ಟು ಅಲುಗಾಡಿಸುತ್ತಿರುತ್ತಾರೆ. ಕೋಶಗಳು ಆಮ್ಲಜನಕವನ್ನು ಉಂಡಷ್ಟೂ ಕುಪ್ಪಿಯ ಗಾಳಿಯ ಒತ್ತಡ ಇಳಿಯುತ್ತದೆ. ಅದಕ್ಕೆ ಜೋಡಿಸಿದ ಸಣ್ಣ ಕೊಳವೆಯಲ್ಲಿ ಬಣ್ಣದ ದ್ರವ ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಯುತ್ತದೆ. ಅಷ್ಟೆ. ಒಂದು ಬಿಲ್ಲೆ ಅಂಗಾಂಶವು ಗಂಟೆಗೆ ಎಷ್ಟು ಘನ ಮಿಲಿಮೀಟರ್ ಆಮ್ಲಜನಕವನ್ನು ಸೇವಿಸಿತೆಂಬುದು ಕಣ್ಣಿಗೇ ಕಾಣುತ್ತದೆ.

ಇಂತಹ ಉಪಕರಣಗಳನ್ನು ನಡೆಸಲು ಆತನಿಗೆ ದೊಡ್ಡ ಪದವೀಧರರು ಬೇಕಿರಲಿಲ್ಲ. ಎರ್ವಿನ್ ನೆಗೆಲೈನನಂತೆ ಯಂತ್ರದ ಕೆಲಸದಲ್ಲಿ ತರಬೇತು ಪಡೆದು ಬಂದ ಕುಶಲಕರ್ಮಿಗಳನ್ನೇ ಆತನು ಹೆಚ್ಚಾಗಿ ನೆಚ್ಚುತ್ತಿದ್ದನು. ಅವರ ಹೆಸರುಗಳು ಲೇಖನಗಳ ತಲೆಯಲ್ಲಿ ಆತನ ಹೆಸರಿನ ಪಕ್ಕದಲ್ಲಿಯೇ ಅಚ್ಚಾಗಿವೆ. ಕೈಕೆಲಸವನ್ನು ಕೀಳೆಂದು ಬಗೆಯುವ ನಮ್ಮ ವಿದ್ಯಾವಂತರು ಈ ಸಂಗತಿಯನ್ನು ಗಮನಿಸಬೇಕು.

ಈ ಕುಪ್ಪಿಯೊಡನೆ 1923ರ ಸುಮಾರಿಗೆ ಆತನು ಕ್ಯಾನ್ಸರಿನ ಕಡೆಗೆ ತಿರುಗಿದನು. ಬೆಳೆಯುವ ಮೊಟ್ಟೆ ಹೆಚ್ಚು ಉಸಿರಾಡುತ್ತದೆ. ಗಂತಿಯೂ ವೇಗವಾಗಿ ಬೆಳೆಯುವಂಥದು. ಆದ್ದರಿಂದ ಅದೂ ಹೆಚ್ಚು ಉಸಿರಾಡಬೇಕು. ಇದು ಆತನ ನಿರೀಕ್ಷೆ. ಜಪಾನಿನಿಂದ ಬಂದಿದ್ದ ಸೆಯಿಗೊ ಮಿನಾಮಿಯೇ ಮೊದಲಾದವರೊಡನೆ ಇಲಿಯ ಗಂತಿಯನ್ನು ಹೆರೆದು ಕುಪ್ಪಿಯಲ್ಲಿಟ್ಟು ನೋಡಿದಾಗ ನಿರೀಕ್ಷೆ ಹುಸಿಯಾಯಿತು. ಗಂತಿಯ ಉಸಿರು ಹೆಚ್ಚಿರಲಿಲ್ಲ. ಬದಲಿಗೆ ಅದು ಗ್ಲೂಕೋಸನ್ನು ಅಪಾರವಾಗಿ ಕಬಳಿಸಿ ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತಿತ್ತು.

ಇದರಲ್ಲಿ ಆಶ್ಚರ್ಯವೇನು? ನಮ್ಮ ಅಡಿಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವುದರೊಳಗೆ ಹುದುಗಿ ಹುಳಿಯಾಗುತ್ತದೆ. ಹಾಲು ಹೆಪ್ಪುಗಟ್ಟಿ ಮೊಸರಾಗುತ್ತದೆ. ಅವುಗಳ ಹುಳಿ ಬಹುಮಟ್ಟಿಗೆ ಈ ಲ್ಯಾಕ್ಟಿಕ್ ಆಮ್ಲವೇ. ಆಮ್ಲಜನಕದ ನೆರವಿಲ್ಲದೆ ಸಕ್ಕರೆಯಿಂದ ಒಂದಿಷ್ಟು ಶಕ್ತಿಯನ್ನು ಪಡೆಯುವ ಹಳೆಯ ಮಾರ್ಗ ಈ ಹುದುಗುವಿಕೆ. ನಾವು ಓಟದ ಪಂದ್ಯದಲ್ಲಿ ಏದುಸಿರು ಬಿಡುವಾಗ ನಮ್ಮ ಸ್ನಾಯುಗಳೂ ಇದೇ ಮಾರ್ಗವನ್ನು ಹಿಡಿಯುತ್ತವೆ. ಆದರೆ ಆಮ್ಲಜನಕ ದೊರೆತಾಗ ಹುದುಗುವಿಕೆ ತಗ್ಗಿ ಉಸಿರಾಟ ಮುಂದಾಗುವುದು ನಿಯಮ. ಯೀಸ್ಟಿನ ವಿಷಯದಲ್ಲಿ ಲೂಯಿ ಪಾಸ್ತರನು ಇದನ್ನು ಹಿಂದೆಯೇ ತೋರಿಸಿದ್ದನು. ಲಾಭದಲ್ಲಿಯೂ ಅಂತರ ಬಹಳ. ಒಂದು ಗ್ಲೂಕೋಸ್ ಅಣು ಹುದುಗಿದರೆ ಕೋಶಕ್ಕೆ ಎ.ಟಿ.ಪಿ. ಎಂಬ ಶಕ್ತಿನಾಣ್ಯ 2 ದೊರೆತರೆ, ಉಸಿರಾಟದಲ್ಲಿ ಪೂರ್ತಿ ಉರಿದರೆ ಸುಮಾರು 30 ದೊರೆಯುತ್ತವೆ. ಹೀಗಿದ್ದೂ ಗಂತಿಯು ಸುತ್ತಲೂ ಆಮ್ಲಜನಕ ತುಂಬಿರುವಾಗಲೇ ಹುದುಗುವಿಕೆಯನ್ನು ಬಿಡಲಿಲ್ಲ. ಈ ವಿಚಿತ್ರಕ್ಕೆ ವಾರ್ಬರ್ಗ್ ಪರಿಣಾಮವೆಂಬ ಹೆಸರು ನಿಂತಿತು. ನೂರು ವರ್ಷ ಕಳೆದರೂ ಆ ಅಳತೆ ಅಳಿದಿಲ್ಲ.

ಆದರೆ ನೊಬೆಲ್ ಪಾರಿತೋಷಕ ಬಂದುದು ಇದಕ್ಕಲ್ಲ. ನಾನು ಈ ಲೇಖನವನ್ನು ಬರೆಯಲು ಕಾರಣವಾದ ಸಂದೇಶದ ಮೊದಲನೆಯ ಸುಳ್ಳು ಇದು. 1931ರಲ್ಲಿ ಆತನಿಗೆ ಪಾರಿತೋಷಕ ದೊರೆತುದು ಆ ಹಳೆಯ ಒಗಟನ್ನು, ಎಂದರೆ ಕಡ್ಡಿ ಗೀರುವವರು ಯಾರು ಎಂಬುದನ್ನು, ಬಿಡಿಸಿದುದಕ್ಕೆ. ಸೈನೈಡ್ ವಿಷವು ಕೋಶದ ಉಸಿರನ್ನು ನಿಲ್ಲಿಸುತ್ತದೆ. ಸೈನೈಡಿಗೆ ಕಬ್ಬಿಣದ ಮೇಲೆ ಬಹಳ ಪ್ರೀತಿ. ಆದ್ದರಿಂದ ಉಸಿರಾಟವನ್ನು ನಡೆಸುವ ಕಿಣ್ವದಲ್ಲಿ ಕಬ್ಬಿಣವಿರಬೇಕೆಂದು ಆತನು ಊಹಿಸಿದನು. ಆದರೆ ಆ ಕಿಣ್ವ ಕೋಶದಲ್ಲಿ ಅತ್ಯಲ್ಪವಾಗಿರುತ್ತದೆ. ಅಂದಿನ ವಿಧಾನಗಳಿಂದ ಅದನ್ನು ಬೇರ್ಪಡಿಸಿ ಸೀಸೆಯಲ್ಲಿ ಹಿಡಿಯುವಂತಿರಲಿಲ್ಲ. ಆಗ ಆತನು ಹೂಡಿದ ಉಪಾಯ ಅಪೂರ್ವವಾದುದು. ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಕತ್ತಲೆಯಲ್ಲಿ ಯೀಸ್ಟಿನ ಉಸಿರನ್ನು ಕಟ್ಟುತ್ತದೆ. ಬೆಳಕು ಬಿಟ್ಟರೆ ಆ ಕಟ್ಟು ಸಡಿಲಿ ಉಸಿರು ಮರಳುತ್ತದೆ. ಯಾವ ಬಣ್ಣದ ಬೆಳಕಿಗೆ ಎಷ್ಟು ಉಸಿರು ಮರಳುತ್ತದೆ ಎಂದು ಆತನು ಬಣ್ಣಬಣ್ಣಕ್ಕೂ ಅಳೆದನು. ಬೆಳಕು ಕೆಲಸ ಮಾಡಬೇಕಾದರೆ ಅದನ್ನು ಕಿಣ್ವವು ಹೀರಬೇಕಷ್ಟೆ? ಹೀಗೆ 1928ರಲ್ಲಿ, ಎಂದೂ ಕಣ್ಣಾರೆ ಕಾಣದ ವಸ್ತುವಿನ ಬಣ್ಣವನ್ನು ಆತನು ಕಾಗದದ ಮೇಲೆ ಬರೆದು ತೋರಿಸಿದನು. ಅದು ನಮ್ಮ ರಕ್ತದ ಕೆಂಪುಬಣ್ಣಕ್ಕೆ ಬಂಧುವಾದ, ಕಬ್ಬಿಣವುಳ್ಳ ಒಂದು ವಸ್ತುವಾಗಿತ್ತು. ಕತ್ತಲ ಕೋಣೆಯಲ್ಲಿರುವವನನ್ನು ಬಾಗಿಲು ತೆರೆಯದೆಯೇ ಗುರುತಿಸಿದಂತಾಯಿತು.

ಇಲ್ಲಿಯವರೆಗೆ ಆತನ ಕಥೆಯನ್ನು ಓದುವುದು ಹಬ್ಬ. ಇನ್ನು ಮುಂದೆ ಮನಸ್ಸು ಎರಡಾಗುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ ಎಂಬ ಶಾಂತಸ್ವಭಾವದ ವಿಜ್ಞಾನಿಯೊಬ್ಬನು 1925ರಲ್ಲಿ ಕೀಟಗಳ ಸ್ನಾಯುಗಳನ್ನು ವರ್ಣದರ್ಶಕದ ಮೂಲಕ ನೋಡಿ, ಸೈಟೊಕ್ರೋಮ್ ಎಂಬ ವರ್ಣದ್ರವ್ಯಗಳನ್ನು ಕಂಡಿದ್ದನು. ಉಸಿರಾಟವೆಂಬುದು ಒಬ್ಬನ ಕೆಲಸವಲ್ಲ, ಕೈಯಿಂದ ಕೈಗೆ ಸಾಗಿಸುವ ಸಾಲು ಎಂಬುದು ಆತನ ಕೆಲಸದ ತಿರುಳು. ಬಾವಿಯಿಂದ ಬೆಂಕಿಬಿದ್ದ ಮನೆಯವರೆಗೆ ಊರವರು ಸಾಲಾಗಿ ನಿಂತು ಕೊಡ ಸಾಗಿಸುವುದಿಲ್ಲವೆ? ಹಾಗೆ. ವಾರ್ಬರ್ಗನು ಬಹುಕಾಲ ಈ ಸಾಲನ್ನು ಮನ್ನಿಸಲಿಲ್ಲ. ತನ್ನ ಕಿಣ್ವವೊಂದೇ ಸಾಕೆಂದನು. ಕೊನೆಗೆ 1939ರಲ್ಲಿ ಕೀಲಿನನೂ ಹಾರ್ಟ್ರೀಯೂ, ವಾರ್ಬರ್ಗನ ಕಿಣ್ವವೇ ಆ ಸಾಲಿನ ಕಟ್ಟಕಡೆಯ, ಆಮ್ಲಜನಕಕ್ಕೆ ಕೊಡವನ್ನೊಪ್ಪಿಸುವ ಆಳೆಂದು ತೋರಿಸಿದರು. ಇಬ್ಬರೂ ಸರಿಯಾಗಿದ್ದರು, ಒಬ್ಬನು ಮಾತ್ರ ಇನ್ನೊಬ್ಬನಿಗೆ ಸ್ಥಳ ಬಿಟ್ಟುಕೊಡಲು ಸಿದ್ಧನಾಗಿರಲಿಲ್ಲ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ವಾರ್ಬರ್ಗನ ಹಿಂದಿನ ಸಹಾಯಕ ಹಾನ್ಸ್ ಕ್ರೆಬ್ಸನು ಯೆಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದನು. ಅಲ್ಲಿ ವಾರ್ಬರ್ಗನಿಂದ ಕಲಿತ ಅಂಗಾಂಶದ ಬಿಲ್ಲೆಯ ವಿಧಾನದ ಬಲದಿಂದಲೇ ದೊಡ್ಡ ಕೆಲಸ ಮಾಡಿ 1953ರಲ್ಲಿ ತಾನೂ ನೊಬೆಲ್ ಪಡೆದನು. ವಾರ್ಬರ್ಗನು ಮಾತ್ರ ಹೋಗಲಿಲ್ಲ. ಅಮೆರಿಕದ ರಾಕ್‌ಫೆಲರ್ ನಿಧಿಯ ಹಣದಿಂದ, ಹಳೆಯ ಜಮೀನುದಾರರ ಬಂಗಲೆಯ ಮಾದರಿಯಲ್ಲಿ, ಆತನಿಗಾಗಿಯೇ ಡಾಲೆಮ್‌ನಲ್ಲಿ ಒಂದು ಸಂಸ್ಥೆಯನ್ನು ಕಟ್ಟಿಸಿಕೊಟ್ಟಿದ್ದರು. ಆ ಪ್ರಯೋಗಶಾಲೆಯನ್ನು ಬಿಟ್ಟು ಬೇರೆಡೆ ಹೊಸದಾಗಿ ಆರಂಭಿಸಲು ಆತನು ಒಪ್ಪಲಿಲ್ಲ. 1941ರಲ್ಲಿ ಆತನನ್ನು ಪದವಿಯಿಂದ ತೆಗೆದರು. ಕೆಲವೇ ವಾರಗಳಲ್ಲಿ ಹಿಟ್ಲರನ ಕಾರ್ಯಾಲಯದಿಂದಲೇ ಆಜ್ಞೆ ಬಂದು, ಕ್ಯಾನ್ಸರ್ ಸಂಶೋಧನೆಯನ್ನು ಮುಂದುವರಿಸಬೇಕೆಂದು ಪುನಃ ಕೂರಿಸಿದರು. ಹಿಟ್ಲರನ ತಾಯಿ 1907ರಲ್ಲಿ ಸ್ತನದ ಕ್ಯಾನ್ಸರಿನಿಂದ ಸತ್ತವಳೆಂಬುದನ್ನು ಚರಿತ್ರಕಾರರು ಇಲ್ಲಿ ನೆನೆಯುವುದುಂಟು. ಲಕ್ಷೋಪಲಕ್ಷ ಯೆಹೂದಿಗಳ ಉಸಿರನ್ನು ನಿಲ್ಲಿಸಿದ ಸರ್ಕಾರದ ಆಶ್ರಯದಲ್ಲಿ ಕುಳಿತು ಆತನು ಜೀವಕೋಶದ ಉಸಿರನ್ನು ಅಳೆಯುತ್ತಿದ್ದನು. ಆತನು ಆ ಪಕ್ಷದವನಲ್ಲ. ಆತನ ಜೀವವೇ ಅವರ ಕೈಯಲ್ಲಿತ್ತು. ಆದರೂ ದೇಶ ಬಿಟ್ಟವರಲ್ಲಿ ಹಲವರಿಗೆ ಆತನ ನಿಲುವು ಹಿಡಿಸಲಿಲ್ಲ. ಚರಿತ್ರೆಯ ವಿದ್ಯಾರ್ಥಿಯಾದ ನಾನು ಈ ಪುಟದಲ್ಲಿ ಬಹಳ ಹೊತ್ತು ನಿಂತೆ. ಕೆಲಸದ ಮೇಲಿನ ಪ್ರೀತಿ ಮನುಷ್ಯನನ್ನು ಎಷ್ಟು ಎತ್ತಬಲ್ಲುದೋ ಸುತ್ತಲಿನ ಪ್ರಪಂಚಕ್ಕೆ ಅಷ್ಟೇ ಕುರುಡನನ್ನಾಗಿಯೂ ಮಾಡಬಲ್ಲುದೆಂದು ತೋರಿತು.

ವಿಮಾನದಾಳಿಗೆ ಹೆದರಿ 1943ರಲ್ಲಿ ಸಂಸ್ಥೆಯನ್ನು ಬರ್ಲಿನ್ನಿನ ಉತ್ತರಕ್ಕಿರುವ ಲೀಬೆನ್‌ಬೆರ್ಗ್ ಎಂಬ ಹಳ್ಳಿಗೆ ಸಾಗಿಸಿದರು. 1945ರಲ್ಲಿ ರಷ್ಯದ ಸೈನ್ಯ ಬಂದು ಉಪಕರಣಗಳನ್ನು ಹೊತ್ತೊಯ್ದಿತು. ಐದು ವರ್ಷ ಕೈಕಟ್ಟಿ ಕುಳಿತ ಮೇಲೆ, 1950ರಲ್ಲಿ, ಡಾಲೆಮ್‌ನ ಹಳೆಯ ಕಟ್ಟಡದಲ್ಲಿ ಆತನು ಮತ್ತೆ ಕುಪ್ಪಿಗಳನ್ನು ಜೋಡಿಸಿದನು. ಆಗ ಆತನಿಗೆ ಅರುವತ್ತಾರು ದಾಟಿತ್ತು.

ಈ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಆತನು ಒಂದೇ ಮಾತನ್ನು ಹಿಡಿದು ಸಾಧಿಸಿದನು. ಕ್ಯಾನ್ಸರಿನ ಮೂಲಕಾರಣ ಒಂದೇ, ಅದು ಕೋಶದ ಉಸಿರಾಟ ಕೆಟ್ಟು ಅದರ ಸ್ಥಾನವನ್ನು ಹುದುಗುವಿಕೆ ಆಕ್ರಮಿಸುವುದು ಎಂಬುದೇ ಆ ಮಾತು. 1956ರಲ್ಲಿ ಬರೆದನು, 1966ರಲ್ಲಿ ಲಿಂಡಾವ್‌ನಲ್ಲಿ ನೊಬೆಲ್ ವಿಜ್ಞಾನಿಗಳ ಸಭೆಯಲ್ಲಿ ಮತ್ತೆ ಸಾರಿದನು. ಸಿಡ್ನಿ ವೈನ್‌ಹೌಸನಂಥವರು, ಕ್ಯಾನ್ಸರ್ ಕೋಶಗಳೂ ಚೆನ್ನಾಗಿಯೇ ಉಸಿರಾಡುತ್ತವೆಯೆಂದು ಅಳೆದು ತೋರಿಸಿದರು. ಆತನು ಒಪ್ಪಲಿಲ್ಲ. ಗಂತಿಯ ಉಸಿರು ಅಷ್ಟೇನೂ ಕುಂದಿಲ್ಲವೆಂಬುದು ಆತನದೇ 1920ರ ದಶಕದ ಅಂಕಿಗಳಲ್ಲಿಯೂ ಇತ್ತು. ದ್ಯುತಿಸಂಶ್ಲೇಷಣೆಯ ವಿಷಯದಲ್ಲಿಯೂ ಹೀಗೆಯೇ. ತನ್ನ ಶಿಷ್ಯನಾದ ರಾಬರ್ಟ್ ಎಮರ್ಸನನ ಅಳತೆ ತನ್ನದಕ್ಕೆ ವಿರುದ್ಧವಾದಾಗ ಗುರು ಮಣಿಯಲಿಲ್ಲ. ಕಾಲ ಶಿಷ್ಯನ ಪಕ್ಷಕ್ಕೆ ತೀರ್ಪಿತ್ತಿತು.

1968ರಲ್ಲಿ ಏಣಿಯಿಂದ ಬಿದ್ದು ಕಾಲಿನ ಮೂಳೆ ಮುರಿಯಿತು. 1970ನೆಯ ಆಗಸ್ಟ್ 1ರಂದು, ತನ್ನ 86ನೆಯ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿ ಆತನು ತೀರಿಕೊಂಡನು. ಆತನ ಸಂಸ್ಥೆಯ ಕಟ್ಟಡ ಇಂದು ಮ್ಯಾಕ್ಸ್ ಪ್ಲಾಂಕ್ ಸಂಘದ ಪತ್ರಾಗಾರವಾಗಿದೆ. ಪ್ರಯೋಗಶಾಲೆ ಚರಿತ್ರಕಾರರ ಮನೆಯಾದ ಈ ಸಂಗತಿ ನನ್ನಂಥವನಿಗೆ ಸಂತೋಷ ಕೊಟ್ಟಿತೆಂದು ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಆತನು ಬಿಟ್ಟುಹೋದುದೇನು? ಕುಪ್ಪಿಯ ಕಾಲ ಮುಗಿಯಿತು. 1956ರಲ್ಲಿ ಲೀಲೆಂಡ್ ಕ್ಲಾರ್ಕನು ಬೆಳಕಿಗೆ ತಂದ ಆಮ್ಲಜನಕದ ವಿದ್ಯುದ್ವಾರ ಅದರ ಜಾಗಕ್ಕೆ ಬಂದಿತು. ಆದರೆ ಜೀವಂತ ಕೋಶದ ಉಸಿರನ್ನು ಅಳೆದು ರೋಗವನ್ನು ಅರಿಯಬೇಕೆಂಬ ದಾರಿ ಆತನು ತುಳಿದದ್ದೇ. ಆ ದಾರಿಯಲ್ಲಿ ದೊರೆತ ಒಂದು ಫಲವನ್ನು ಹೇಳುತ್ತೇನೆ. ಸ್ವೀಡನ್ನಿನಲ್ಲಿ 35 ವರ್ಷದ ಒಬ್ಬ ಹೆಂಗಸು ಬಾಲ್ಯದಿಂದಲೂ ಬೆವರುತ್ತಿದ್ದಳು. ಎಷ್ಟು ಉಂಡರೂ ಬಡಕಲಾಗಿಯೇ ಇದ್ದಳು. ಥೈರಾಯ್ಡ್ ಗ್ರಂಥಿಯಲ್ಲಿ ದೋಷವಿರಲಿಲ್ಲ. 1962ರಲ್ಲಿ ರೋಲ್ಫ್ ಲುಫ್ಟ್ ಮತ್ತು ಸಂಗಡಿಗರು ಅವಳ ಸ್ನಾಯುವಿನ ಚೂರಿನಿಂದ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿ ಅವುಗಳ ಉಸಿರನ್ನು ಅಳೆದರು. ನಮ್ಮೂರ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಕಾಳು ಹಾಕಿದಾಗ ಎಂಜಿನ್ ಹೆಚ್ಚು ಎಣ್ಣೆ ಕುಡಿಯುತ್ತದೆ, ಕಾಳಿಲ್ಲದಾಗ ಕಡಮೆ. ಆರೋಗ್ಯವಂತರ ಮೈಟೊಕಾಂಡ್ರಿಯವೂ ಹಾಗೆಯೇ. ಕೆಲಸವಿದ್ದಾಗ ಉಸಿರು ಬಿರುಸು, ಇಲ್ಲದಾಗ ನಿಧಾನ. ಆ ಹೆಂಗಸಿನಲ್ಲಿ ಕೆಲಸವಿರಲಿ, ಇಲ್ಲದಿರಲಿ, ಎಂಜಿನ್ ಬಿರುಸಾಗಿಯೇ ಓಡುತ್ತಿತ್ತು. ಬೆಲ್ಟು ಸಡಿಲಿತ್ತು. ಹಿಟ್ಟು ಕಡಮೆ, ಬಿಸಿಯೇ ಹೆಚ್ಚು. ಮೈಟೊಕಾಂಡ್ರಿಯದ ದೋಷದಿಂದ ಬರುವ ರೋಗವೊಂದನ್ನು ವೈದ್ಯರು ಹೀಗೆ ಅಳತೆಯಿಂದ ಹಿಡಿದುದು ಅದೇ ಮೊದಲು. ಆನಂತರ ಇಂತಹ ಹಲವು ಕಾಯಿಲೆಗಳು ಬೆಳಕಿಗೆ ಬಂದಿವೆ.

ಕ್ಯಾನ್ಸರಿನ ವಿಷಯದಲ್ಲಿ ಇಂದಿನ ತಿಳಿವಳಿಕೆ ಇದು: ಅನೇಕ ಕ್ಯಾನ್ಸರುಗಳು ಗ್ಲೂಕೋಸನ್ನು ಕಬಳಿಸುವುದು ನಿಜ, ಅವುಗಳಲ್ಲಿ ಬಹುಪಾಲು ಕೋಶಗಳ ಮೈಟೊಕಾಂಡ್ರಿಯಗಳು ಕೆಲಸ ಮಾಡುತ್ತಿರುವುದೂ ನಿಜ. ಜೀನುಗಳಲ್ಲಿ ಆದ ಕೆಡಕು ಮೊದಲು. ಸಕ್ಕರೆಯ ಹಸಿವು ಬಹುಮಟ್ಟಿಗೆ ಅದರ ಹಿಂದೆ ಬರುವಂಥದು. ಹೊಸ ಕೋಶಗಳನ್ನು ಕಟ್ಟಲು ಬೇಕಾದ ಇಟ್ಟಿಗೆ ಗಾರೆಗಳನ್ನೂ ಅವು ಆ ಸಕ್ಕರೆಯಿಂದಲೇ ಪಡೆಯುತ್ತವೆ. ಮೈಟೊಕಾಂಡ್ರಿಯದ ಒಂದೆರಡು ಕಿಣ್ವಗಳು ಕೆಟ್ಟು ಅದರಿಂದಲೇ ಗಂತಿ ಹುಟ್ಟುವ ಕೆಲವು ವಿರಳ ಪ್ರಸಂಗಗಳನ್ನೂ 2000ದಿಂದೀಚೆಗೆ ಕಂಡಿದ್ದಾರೆ. ಆದ್ದರಿಂದ ಮುದುಕನು ಪೂರ್ತಿ ತಪ್ಪಿದನೆನ್ನಲೂ ಆಗದು. ಆತನ ಅಳತೆ ನಿಂತಿತು. ಎಲ್ಲಕ್ಕೂ ಅದೊಂದೇ ಕಾರಣವೆಂಬ ಹಟ ಬಿದ್ದಿತು.

ಈಗ ಮಾವನವರ ಕಥೆಗೆ ಮರಳುತ್ತೇನೆ. ತಿಂಗಳಾದ ಮೇಲೆ ನಾವು ಅವರನ್ನು ಒತ್ತಾಯದಿಂದ ಆಸ್ಪತ್ರೆಗೆ ಕರೆದೊಯ್ದೆವು. ರೋಗ ಎಲ್ಲೆಲ್ಲಿದೆಯೆಂದು ತಿಳಿಯಲು ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆ ಮಾಡಿದರು. ಅದರಲ್ಲಿ ಗುರುತು ಹಚ್ಚಿದ ಗ್ಲೂಕೋಸಿನಂತಹ ವಸ್ತುವನ್ನು ರಕ್ತಕ್ಕೆ ಸೇರಿಸುತ್ತಾರೆ. ಅದನ್ನು ಹೆಚ್ಚು ಎಳೆದುಕೊಳ್ಳುವ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತದೆ. ವೈದ್ಯರು ತಾಳ್ಮೆಯಿಂದ ಚಿತ್ರವನ್ನು ಮಾವನವರಿಗೆ ತೋರಿಸಿದರು. ಗಂತಿ ಹೊಳೆಯುತ್ತಿತ್ತು, ಮಿದುಳೂ ಅಷ್ಟೇ ಹೊಳೆಯುತ್ತಿತ್ತು. ತಿಂಗಳಿನ ಉಪವಾಸದಿಂದ ಗಂತಿ ಹಸಿದಿರಲಿಲ್ಲ. ಅನ್ನ ಬಿಟ್ಟರೂ ಪಿತ್ತಜನಕಾಂಗವು ಮೈಯ ಮಾಂಸವನ್ನು ಕರಗಿಸಿಯಾದರೂ ರಕ್ತಕ್ಕೆ ಗ್ಲೂಕೋಸನ್ನು ಒದಗಿಸುತ್ತದೆಂದೂ, ಅದಿಲ್ಲದೆ ಮಿದುಳು ಬದುಕಲಾರದೆಂದೂ, ಇಳಿದ ಏಳು ಕಿಲೋ ಮಾವನವರದೇ ಹೊರತು ರೋಗದ್ದಲ್ಲವೆಂದೂ ವೈದ್ಯರು ತಿಳಿಸಿದರು. ಈ ಪರೀಕ್ಷೆಗೆ ಆಧಾರವಾದುದು ವಾರ್ಬರ್ಗನೆಂಬುವನ ಕಂಡುಹಿಡಿಕೆಯೆಂದೂ ಹೇಳಿದರು. ಮಾವನವರು ತಲೆಯೆತ್ತಿ ನೋಡಿದರು. ಅವರನ್ನು ಆಸ್ಪತ್ರೆಯಿಂದ ದೂರವಿರಿಸಿದ ಹೆಸರೇ ಅವರ ರೋಗವನ್ನು ಹುಡುಕಿಕೊಟ್ಟಿತ್ತು.

ಆ ವಾರವೇ ಶಸ್ತ್ರಚಿಕಿತ್ಸೆಯಾಯಿತು. ಕಳೆದ ಒಂದು ತಿಂಗಳು ಎಷ್ಟು ನಷ್ಟ ಮಾಡಿತೆಂದು ಯಾರೂ ಹೇಳಲಾರರು. ಈಗ ಅವರು ಮುದ್ದೆ ಉಣ್ಣುತ್ತಾರೆ. ಸಂಜೆ ಗದ್ದೆಯ ಬದುವಿನವರೆಗೆ ನಡೆದುಹೋಗಿ ಬರುತ್ತಾರೆ. ರಜೆಗೆ ಹೋದಾಗ ನಾನು ವಾರ್ಬರ್ಗನ ಕಥೆಯನ್ನು ಅವರಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿ, ಅಷ್ಟು ಚೆನ್ನಾಗಿ ಅಳೆದವನು ತನ್ನ ಅಭಿಪ್ರಾಯವನ್ನು ಏಕೆ ಅಳೆದುಕೊಳ್ಳಲಿಲ್ಲವೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ತಾನಾದರೂ ಅಳೆದುಕೊಂಡೆನೇ ಎಂದು ಅವರೇ ನಕ್ಕರು.

ದೊಡ್ಡವರ ಹೆಸರು ದೊಡ್ಡ ಸಾಲ. ಅದನ್ನು ತೋರಿಸಿ ಯಾರು ಏನನ್ನು ಬೇಕಾದರೂ ಪಡೆಯಬಹುದು. ಹೆಸರನ್ನು ಕೇಳಿದಾಗ ಆ ಮನುಷ್ಯನು ಏನನ್ನು ಅಳೆದನು, ಏನನ್ನು ಊಹಿಸಿದನು ಎಂದು ಎರಡನ್ನೂ ಬೇರೆ ಮಾಡಿ ಕೇಳುವುದು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ. ವಿಜ್ಞಾನದವರಿಗೆ ಎಷ್ಟೋ, ಕಲಾ ವಿಭಾಗದವರಾದ ನಮಗೂ ಅಷ್ಟೇ.